ಸೋತವನೇ ಬರೆಯಬೇಕು

ನಮ್ಮ ಆಟದಲ್ಲಿ ಒಂದು ದರಿದ್ರ ಪದ್ಧತಿ ಇದೆ. ಸೋತವನು ಸುಮ್ಮನೆ ಮನೆಗೆ ಹೋಗುವ ಹಾಗಿಲ್ಲ. ತಾನು ಸೋತ ಬೋರ್ಡಿನ ಪಕ್ಕದಲ್ಲೇ ನಿಂತು ಮುಂದಿನ ಪಂದ್ಯದ ಲೆಕ್ಕ ಬರೆಯಬೇಕು. ಪಬ್ಬಿನ ಆಟವಾಗಲಿ, ವೃತ್ತಿಪರರ ಅರ್ಹತಾ ಪಂದ್ಯವಾಗಲಿ, ಇದೇ ನಿಯಮ. ಹೋಗು, ಮುಖ ತೊಳೆದುಕೊಂಡು ಬಾ, ನಿನಗೆ ಒದ್ದವರು ಮುಂದಿನವರಿಗೆ ಹೇಗೆ ಒದೆಯುತ್ತಾರೆ ಅಂತ ಹತ್ತಿರದಿಂದ ನೋಡು ಅನ್ನುವ ಹಾಗೆ. ಇದನ್ನು ಕಂಡುಹಿಡಿದ ಮಹಾನುಭಾವ ಕೈಗೆ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ ನನಗೆ ಒದ್ದವಳು ನನ್ನ ಹೆಂಡತಿ.

ನಾನು ನೆವಿಲ್ ಮೇಚಿನ್. ಇಂಗ್ಲೆಂಡಿನ ಸ್ಟೋಕ್‌ನವನು. ಹನ್ನೊಂದು ವರ್ಷ ಬಾಣ ಎಸೆದೇ ಹೊಟ್ಟೆ ಹೊರೆದವನು. ಡಾರ್ಟ್ ಅನ್ನುವುದು ಅಂಗಡಿಯವರ ಮಾತು, ಆಡುವವರಿಗೆ ಅದು ಬಾಣವೇ. ವೇದಿಕೆಯ ಮೇಲೆ ನನ್ನ ಹೆಸರು 'ಭಟ್ಟಿ'. ನಮ್ಮೂರಿನ ಪಿಂಗಾಣಿ ಸುಡುವ ಹಳೆಯ ಭಟ್ಟಿಗಳನ್ನು ನೋಡಿದ್ದರೆ ಗೊತ್ತು, ಕೆಳಗೆ ದುಂಡಗೆ, ಮೇಲೆ ಸಪೂರ. ನನ್ನ ಹೊಟ್ಟೆ, ಕತ್ತು ನೋಡಿದರೆ ಆ ಹೆಸರು ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ. ನಾನು ವೇದಿಕೆಗೆ ನಡೆದುಬಂದರೆ ಸಾವಿರಾರು ಜನ ಬಿಯರ್ ಲೋಟ ಎತ್ತಿ "ಭಟ್ಟೀ, ಭಟ್ಟೀ" ಅಂತ ಕಿರುಚುತ್ತಿದ್ದರು. ಆ ಕಿರುಚಾಟದ ರುಚಿ ಒಮ್ಮೆ ಹತ್ತಿದವನಿಗೆ ಬೇರೆ ಯಾವ ರುಚಿಯೂ ಹತ್ತುವುದಿಲ್ಲ. ಹೋದ ವರ್ಷ ನನ್ನ ಕಾರ್ಡು ಹೋಯಿತು. ಕಾರ್ಡು ಇದ್ದರೆ ಎರಡು ವರ್ಷ ದೊಡ್ಡ ಪಂದ್ಯಗಳ ಬಾಗಿಲೆಲ್ಲ ತೆರೆದಿರುತ್ತದೆ. ಇಲ್ಲದಿದ್ದರೆ ನೀನು ಗುರುವಾರದ ಪಬ್ಬಿನ ಪೈಲ್ವಾನ, ಅಷ್ಟೇ.

ಕಾರ್ಡು ವಾಪಸ್ ಗಿಟ್ಟಿಸಲು ಜನವರಿಯಲ್ಲಿ ಸಮುದ್ರದ ದಂಡೆಯ ಆ ಚಳಿ ಹಿಡಿದ ಸಭಾಂಗಣಕ್ಕೆ ಹೋದೆ. ಜನೀನ್ ಕೂಡ ಬಂದಳು. ಅವಳು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುವವಳು. ಹದಿನೇಳು ವರ್ಷದಿಂದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಅಭ್ಯಾಸ ಮಾಡುವಾಗ ಬೋರ್ಡಿನ ಪಕ್ಕ ನಿಂತು ಲೆಕ್ಕ ಬರೆದವಳು. ನಾನು ಊರಲ್ಲಿ ಇಲ್ಲದಾಗ ತಾನೂ ಎಸೆಯುತ್ತಿದ್ದಳು. ಎಸೆಯಲಿ ಬಿಡು, ಹೊತ್ತು ಹೋಗಬೇಕಲ್ಲ ಅಂದುಕೊಂಡಿದ್ದೆ.

"ನೀನು ಆಡ್ತಿರ್ತೀಯ, ನಾನು ನಾಲ್ಕು ದಿನ ಟೀ ಕುಡೀತಾ ಕೂತಿರ್ಲಾ? ನನ್ನ ಹೆಸರೂ ಕೊಟ್ಟುಬಿಡ್ತೀನಿ," ಅಂದಳು.

"ಕೊಡು ಕಣೇ. ಮೊದಲನೇ ದಿನ ಸೋತು ಆರಾಮಾಗಿ ಸಮುದ್ರ ನೋಡು."

"ಇದೊಂದೇ ಸಲ ನೆವ್. ಸ್ಕೂಲಲ್ಲಿ ಇನ್ನೊಂದ್ಸಲ ರಜೆ ಕೊಡಲ್ಲ ಅಂದಿದ್ದಾರೆ. ನನಗೂ ಐವತ್ತಾಯ್ತು. ಆದ್ರೆ ಆಯ್ತು, ಇಲ್ದಿದ್ರೆ ಮತ್ತೆ ಕೇಳಲ್ಲ."

ತಮಾಷೆಗೆ ಹೇಳಿದಳು ಅಂದುಕೊಂಡೆ. ಮೊದಲ ದಿನ ಅವಳು ಸೋಲಲಿಲ್ಲ. ಎರಡನೆಯ ದಿನವೂ ಇಲ್ಲ. ಕೊನೆಯ ದಿನ ಉಳಿದಿದ್ದದ್ದು ಒಂದೇ ಕಾರ್ಡು, ಅದಕ್ಕೆ ನಾಲ್ಕು ಜನ. ಚೀಟಿ ಎತ್ತಿದರೆ, ನಮ್ಮ ಗ್ರಹಚಾರ, ಗಂಡನ ಎದುರು ಹೆಂಡತಿ.

ಆರು ಆಟ ಅವಳಿಗೆ, ಮೂರು ನನಗೆ. ಗಾಳಿ ಬೀಸ್ತಿತ್ತು, ದೀಪ ಕಣ್ಣಿಗೆ ಹೊಡೀತಿತ್ತು ಅಂತ ನಾನು ಎಷ್ಟು ಬೇಕಾದರೂ ಕಾರಣ ಕೊಡಬಲ್ಲೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಪೈಕಿ ನಾನು. ಆದರೆ ಸೋತದ್ದು ಸೋತದ್ದೇ. ಅವಳು ಕೈ ಚಾಚಿದಾಗ ಕೈ ಕೊಟ್ಟೆ, ಮುಖ ಕೊಡಲಿಲ್ಲ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಹನ್ನೊಂದು ವರ್ಷದ ನನ್ನ ಬದುಕು ಮುಗಿದದ್ದು ಯಾವನೋ ಡಚ್ ಚಾಂಪಿಯನ್‌ನ ಕೈಯಲ್ಲೂ ಅಲ್ಲ, ನನಗೆ ಬೆಳಿಗ್ಗೆ ತಿಂಡಿಗೆ ಓಟ್‌ಕೇಕ್ ಬಿಸಿ ಮಾಡಿಕೊಡುವವಳ ಕೈಯಲ್ಲಿ.

"ನೆವ್, ಬಾ ಇಲ್ಲಿ," ಅಂತ ಟೆರೆನ್ಸ್ ಕರೆದ. ಪಂದ್ಯ ನಡೆಸುವವನು ಅವನೇ. "ಈ ಬೋರ್ಡಿನ ಲೆಕ್ಕದ ಯಂತ್ರ ಕೈಕೊಟ್ಟಿದೆ. ಬಿಳಿ ಹಲಗೆ ಮೇಲೆ ಪೆನ್ನಲ್ಲಿ ಬರೀಬೇಕು. ಸೋತವನು ನೀನು, ನಿಯಮದ ಪ್ರಕಾರ ನೀನೇ ಬರೀಬೇಕು. ಆದ್ರೆ ಆಡೋದು ನಿನ್ನ ಹೆಂಡ್ತಿ. ಎದುರಾಳಿ ಒಪ್ಪಬೇಕಲ್ಲ."

ಎದುರಾಳಿ ಡೀನ್ ಥ್ರೆಲ್‌ಫಾಲ್. ಪ್ರೆಸ್ಟನ್‌ನವನು, ಮನೆಗಳ ಛಾವಣಿ ಹೊದಿಸುವ ಕೆಲಸ. ಮೂವತ್ತರ ಆಸುಪಾಸು. ಮರದ ದಿಮ್ಮಿಯಂಥ ತೋಳು. ಅವನೂ ಮೂರು ವರ್ಷದಿಂದ ಈ ಕಾರ್ಡಿಗಾಗಿ ತಲೆ ಚಚ್ಚಿಕೊಳ್ಳುತ್ತಿದ್ದವನು. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇವನೇ ಬರೀಲಿ ಬಿಡಿ. ಈಗಷ್ಟೇ ಅವಳ ಕೈಲಿ ಒದೆ ತಿಂದಿದ್ದಾನೆ. ಈ ಹಾಲ್‌ನಲ್ಲಿ ಇವನಿಗಿಂತ ನನ್ನ ಕಡೆಯವನು ಇನ್ನೊಬ್ಬ ಸಿಗ್ತಾನಾ?"

ಜನ ಹೋ ಅಂತ ನಕ್ಕರು. ಗಾಯದ ಮೇಲೆ ಉಪ್ಪು ಅಂದರೆ ಇದು. ಜನೀನ್ ಮಾತ್ರ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಬರೆಯುವವನು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಎಸೆಯುವವರ ಕಡೆ ತಿರುಗುವಂತಿಲ್ಲ, ತಲೆ ಅಲ್ಲಾಡಿಸುವಂತಿಲ್ಲ. ಕಣ್ಣ ಮುಂದೆ ಬೋರ್ಡು, ಪಕ್ಕದಲ್ಲಿ ಹಲಗೆ. ಬೆನ್ನ ಹಿಂದೆ ಏನಾಗುತ್ತಿದೆ ಅನ್ನುವುದು ಕಿವಿಗೆ ಮಾತ್ರ ಗೊತ್ತು. ಬಾಣ ಕೆನ್ನೆಯ ಪಕ್ಕದಲ್ಲೇ ಹಾದುಹೋಗಿ ಟಪ್ ಅಂತ ನಾಟಿದಾಗ ಮೊದಮೊದಲು ಬೆಚ್ಚಿಬೀಳುತ್ತಿದ್ದೆ. ದೊಡ್ಡ ವೇದಿಕೆಯಲ್ಲಿ ಬರೆಯಲು ಬೇರೆಯವರಿರುತ್ತಾರೆ, ಎಷ್ಟೋ ಕಾಲದಿಂದ ನಾನು ಈ ಜಾಗದಲ್ಲಿ ನಿಂತವನೇ ಅಲ್ಲ.

ಮೂರನೆಯ ಆಟದ ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು. ಜನೀನ್‌ಳ ಬಾಣಗಳು ಎಲ್ಲರ ಬಾಣಗಳ ಹಾಗೆ ಬೀಳುವುದಿಲ್ಲ. ನಾವು ಕೈಯನ್ನು ಕಲಿತವರು. ಮೊಣಕೈ ಹೀಗಿಡು, ಬೆರಳು ಹೀಗೆ ಬಿಡು ಅಂತ. ಅವಳು ನನ್ನ ಕೈ ನೋಡಿಯೇ ಇರಲಿಲ್ಲ. ಹದಿನೇಳು ವರ್ಷ ಗೋಡೆಗೆ ಮುಖ ಮಾಡಿ ನಿಂತು, ಬಾಣ ಎಲ್ಲಿ ಬೀಳುತ್ತದೆ, ಹೇಗೆ ವಾಲುತ್ತದೆ, ಎರಡನೆಯದಕ್ಕೆ ಎಲ್ಲಿ ಜಾಗ ಉಳಿಯುತ್ತದೆ ಅನ್ನುವುದನ್ನಷ್ಟೇ ನೋಡಿದ್ದಳು. ಮೊದಲನೆಯ ಬಾಣ ಸ್ವಲ್ಪ ಕೆಳಕ್ಕೆ, ಎರಡನೆಯದು ಅದರ ಬೆನ್ನ ಮೇಲೆ ಜಾರಿ, ಮೂರನೆಯದು ಅವೆರಡರ ನಡುವೆ. ನೋಡ್ರಪ್ಪ, ನಾನು ಹೇಳುತ್ತೇನೆ, ಇಂಥ ಎಸೆತ ನಾನು ದೊಡ್ಡ ದೊಡ್ಡವರಲ್ಲೂ ಕಂಡಿರಲಿಲ್ಲ. ನನ್ನ ಹೊಟ್ಟೆಯ ಬೆಂಕಿ ಯಾವಾಗ ಆರಿತೋ ಗೊತ್ತಾಗಲಿಲ್ಲ. ಎದೆ ಡವಡವ ಅನ್ನತೊಡಗಿತ್ತು, ಅದೂ ನಾನು ಆಡದ ಆಟಕ್ಕೆ!

"ನೂರ ನಲವತ್ತು!" ಅಂತ ಅಂಕ ಕೂಗುವಾಗ ನನ್ನ ದನಿ ಒಡೆದುಹೋಯಿತು.

"ಸಮಾಧಾನ ಭಟ್ಟಿ, ಸಿಡಿದುಬಿಟ್ಟೀಯ!" ಅಂತ ಹಿಂದಿನಿಂದ ಯಾರೋ ಕೂಗಿದರು.

ಡೀನ್ ಕೂಡ ಸಾಮಾನ್ಯ ಆಳಲ್ಲ. ಅವನ ಬಾಣ ಮೊಳೆ ಹೊಡೆದ ಹಾಗೆ ನಾಟುತ್ತಿತ್ತು. ಅವಳು ಒಂದು ಆಟ ಗೆದ್ದರೆ ಅವನು ಒಂದು. ಉಳಿದ ಬೋರ್ಡುಗಳ ಮುಂದಿದ್ದವರೆಲ್ಲ ಟೀ ಲೋಟ, ಸಾಸೇಜ್ ರೋಲ್ ಹಿಡಿದುಕೊಂಡೇ ನಮ್ಮ ಕಡೆ ಬಂದು ಗುಂಪುಗಟ್ಟಿದರು. ಆರು ಆಟ ಮೊದಲು ಗೆದ್ದವರಿಗೆ ಕಾರ್ಡು. ಐದು–ಐದು ಆಯಿತು.

ಕೊನೆಯ ಆಟ. ಐನೂರ ಒಂದರಿಂದ ಶುರು. ಸರದಿಗೆ ಮೂರು ಬಾಣ, ಎಸೆದಷ್ಟನ್ನು ಕಳೆಯುತ್ತಾ ಸೊನ್ನೆಗೆ ಇಳಿಯಬೇಕು. ಒಳಗಿನ ಸಣ್ಣ ಬಳೆಗೆ, ಅಂದರೆ ಟ್ರಿಬಲ್ಲಿಗೆ ಬಿದ್ದರೆ ಅಂಕ ಮೂರು ಪಟ್ಟು. ಕೊನೆಯ ಬಾಣ ಮಾತ್ರ ಡಬಲ್ಲಿಗೇ ಬೀಳಬೇಕು: ಅಂಕ ಎರಡು ಪಟ್ಟಾಗುವ, ಬೋರ್ಡಿನ ಅಂಚಿನಲ್ಲಿರುವ ಕಿರುಬೆರಳಿಗಿಂತ ಸಪೂರದ ಬಳೆ, ಇಲ್ಲವೇ ನಟ್ಟನಡುವೆ ಐವತ್ತರ ಕೆಂಪು ಕಣ್ಣು. ಮೊದಲು ಎಸೆಯುವ ಸರದಿ ಡೀನ್‌ನದು. ಅಂದರೆ ಅವನೇ ಒಂದು ಹೆಜ್ಜೆ ಮುಂದೆ.

ಮೂರು ಸರದಿ ಮುಗಿದಾಗ ಅವನಿಗೆ ನೂರ ಎಪ್ಪತ್ತೊಂದು ಉಳಿದಿತ್ತು, ಜನೀನ್‌ಗೆ ಇನ್ನೂರ ಇಪ್ಪತ್ತೊಂದು. ಡೀನ್ ಎಸೆದ. ಅರವತ್ತು! ಇನ್ನೊಂದು ಅರವತ್ತು! ಕೊನೆಯದು ಹತ್ತೊಂಬತ್ತು. ಅವನ ಜೊತೆ ಬಂದಿದ್ದ ಪ್ರೆಸ್ಟನ್‌ನವರು ಕುರ್ಚಿ ಹತ್ತಿ ಕುಣಿದರು.

"ನೂರ ಮೂವತ್ತೊಂಬತ್ತು!" ಅಂತ ಕೂಗಿ, ಕಳೆದು, ಉಳಿದದ್ದನ್ನು ಹಲಗೆಯ ಮೇಲೆ ಗೀಚಿದೆ. ನಲವತ್ತೆರಡು. ಮನಸ್ಸೆಲ್ಲ ಜನೀನ್ ಮುಂದೆ ಏನು ಎಸೆಯುತ್ತಾಳೆ ಅನ್ನುವುದರ ಮೇಲೆಯೇ ಇತ್ತು. ಅವಳು ಅರವತ್ತು, ಇಪ್ಪತ್ತು, ಇಪ್ಪತ್ತು ಎಸೆದಳು. ನೂರು. ನೂರ ಇಪ್ಪತ್ತೊಂದು ಉಳಿಯಿತು.

ಡೀನ್ ಮತ್ತೆ ಗೆರೆಗೆ ಬಂದ. ಅವನು ಗುನುಗುವುದು ಕೇಳಿಸಿತು: "ಹತ್ತು, ಆಮೇಲೆ ಹದಿನಾರರ ಡಬಲ್. ಹತ್ತು, ಆಮೇಲೆ ಹದಿನಾರರ ಡಬಲ್."

ಆಗ ನನ್ನ ಕಣ್ಣು ಹಲಗೆಯ ಮೇಲೆ ಬಿತ್ತು. ನೂರ ಎಪ್ಪತ್ತೊಂದು. ನೂರ ಮೂವತ್ತೊಂಬತ್ತು. ನಲವತ್ತೆರಡು. ಮತ್ತೊಮ್ಮೆ ಕಳೆದು ನೋಡಿದೆ. ಒಂದರಲ್ಲಿ ಒಂಬತ್ತು ಹೋಗುವುದಿಲ್ಲ ಅಂತ ಪಕ್ಕದ ಮನೆಯಿಂದ ಹತ್ತು ತಂದಿದ್ದೆ, ತಂದದ್ದನ್ನು ಅಲ್ಲಿ ಕಡಿಮೆ ಮಾಡಿರಲಿಲ್ಲ. ಒಂದನೇ ಕ್ಲಾಸಿನ ತಪ್ಪು. ಅವನಿಗೆ ಉಳಿದಿದ್ದದ್ದು ಮೂವತ್ತೆರಡು.

ಮೂವತ್ತೆರಡು ಅಂದರೆ ನೇರ ಹದಿನಾರರ ಡಬಲ್ಲು, ಮೂರು ಬಾಣಕ್ಕೆ ಮೂರು ಅವಕಾಶ. ನಲವತ್ತೆರಡು ಅಂದರೆ ಮೊದಲು ಒಂದು ಬಾಣ ಹತ್ತಕ್ಕೆ ಖರ್ಚು. ಮೊದಲನೆಯ ಬಾಣ ಅವನ ಕೈಬಿಟ್ಟರೆ ಸಾಕು, ಹಲಗೆಯ ಮೇಲಿದ್ದದ್ದೇ ಶಾಸನ. ಆಮೇಲೆ ದೇವರು ಬಂದರೂ ತಿದ್ದುವಂತಿಲ್ಲ. ಅದೂ ನಿಯಮವೇ.

ಬಾಯಲ್ಲಿ ಬಿಸಿ ತುಪ್ಪ. ಯಾರೂ ನೋಡಿಲ್ಲ. ಡೀನ್ ಹಲಗೆ ನಂಬಿದ್ದಾನೆ. ಜನೀನ್‌ಳಿಗೆ ಇದೊಂದೇ ಸಲ, ಮತ್ತೆ ಕೇಳಲ್ಲ ಅಂದಿದ್ದಾಳೆ. ನಾನು ಬೇಕು ಅಂತ ಬರೆದದ್ದೂ ಅಲ್ಲ. ಸುಮ್ಮನೆ ಗೋಡೆ ನೋಡಿಕೊಂಡು ನಿಂತರೆ ಮುಗಿಯಿತು, ಜೀವಮಾನದಲ್ಲಿ ಒಬ್ಬರಿಗೂ ಗೊತ್ತಾಗುವುದಿಲ್ಲ. ಬೆನ್ನ ಹಿಂದೆ ಅವನ ಬೂಟು ಕಿರ್ ಅಂದಿತು. ಕೈ ಎತ್ತಿದ ಅಂತ ಗೊತ್ತಾಯಿತು.

"ನಿಲ್ಲು!"

ಗಿರ್ರನೆ ತಿರುಗಿದೆ. ಬಾಣ ಅವನ ಕಿವಿಯ ಪಕ್ಕದಲ್ಲಿ ಹಾಗೇ ನಿಂತಿತ್ತು. ಹಾಲ್ ಎಲ್ಲ ಬೈಯಲು ಶುರುಮಾಡಿತು. ಆಟಗಾರ ಕೈ ಎತ್ತಿದಾಗ ಬರೆಯುವವನು ಕೂಗುವುದು ಅಂದರೆ ಚರ್ಚಿನಲ್ಲಿ ಸಿಳ್ಳೆ ಹೊಡೆದ ಹಾಗೆ.

"ಏನಯ್ಯಾ ನಿಂದು?" ಡೀನ್‌ನ ಮುಖ ಕೆಂಪಾಗಿತ್ತು.

"ತಪ್ಪು ಬರೆದಿದ್ದೀನಿ. ನಿಂಗೆ ನಲವತ್ತೆರಡಲ್ಲ, ಮೂವತ್ತೆರಡು." ಹೆಬ್ಬೆರಳಲ್ಲಿ ಉಜ್ಜಿ, ಮೂವತ್ತೆರಡು ಬರೆದೆ.

ಟೆರೆನ್ಸ್ ಓಡಿಬಂದ. ತುಟಿ ಅಲ್ಲಾಡಿಸುತ್ತಾ ಎರಡು ಸಲ ಕಳೆದ. "ಸರಿ ಇದೆ. ಮೂವತ್ತೆರಡೇ. ಅಲ್ಲಾ ನೆವ್, ಇನ್ನೊಂದು ಕ್ಷಣ ಬಿಟ್ಟಿದ್ರೆ..."

"ಗೊತ್ತು."

"ಇವತ್ತು ಮನೇಲಿ ಊಟ ಇಲ್ಲ ಕಣೋ ಭಟ್ಟಿ!" ಅಂತ ಯಾರೋ ಕೂಗಿದರು. ಇಡೀ ಹಾಲ್ ನಕ್ಕಿತು. ಡೀನ್ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ನಾನು ನೋಡಿದ್ದು ಜನೀನ್ ಕಡೆ. ಸೋತಾಗಿನಿಂದ ಅವಳಿಗೆ ಮುಖ ಕೊಟ್ಟು ನೋಡಿದ್ದು ಅದೇ ಮೊದಲು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹತ್ತು ತಂದಿದ್ದು ಕಳೆಯೋದು ಮರೆತೆ, ಅಲ್ವಾ?" ಅಂದಳು.

"ಹೂಂ."

"ಯಾವಾಗ್ಲೂ ಮರೀತೀಯ. ತಿರುಗಿ ನಿಂತ್ಕೋ."

ತಿರುಗಿ ನಿಂತೆ. ಹದಿನಾರರ ಡಬಲ್ ನನ್ನ ಕಣ್ಣ ಮುಂದೆ, ಎಡಗಡೆ ಕೆಳಗೆ. ಬೀಳಬೇಡ, ಬೀಳಬೇಡ ಅಂತ ಆ ಹಸಿರು ಪಟ್ಟಿಯನ್ನು ಬೇಡಿಕೊಂಡೆ. ಮಾಡೋದನ್ನು ಮಾಡಿ ಈಗ ಬೇಡೋದು! ಟಪ್. ತಂತಿಯ ಹೊರಗೆ, ಕೂದಲೆಳೆಯಷ್ಟು. ಟಪ್. ಮೊದಲನೆಯದಕ್ಕೆ ಅಂಟಿಕೊಂಡು ಅದೂ ಹೊರಗೆ. ಪ್ರೆಸ್ಟನ್‌ನವರು ಉಸಿರು ಹಿಡಿದರು. ಟಪ್. ಒಳಗೆ ಸರಿದು ಬರೀ ಹದಿನಾರು. ಅವನಿಗೆ ಇನ್ನು ಹದಿನಾರು ಉಳಿಯಿತು. ಮುಂದಿನ ಸರದಿಗೆ ಬಂದರೆ ಅವನು ಎಂಟರ ಡಬಲ್ಲನ್ನು ಕಣ್ಣು ಮುಚ್ಚಿಕೊಂಡು ಹೊಡೆಯುತ್ತಾನೆ, ಅದರಲ್ಲಿ ಅನುಮಾನವಿಲ್ಲ.

ಆ ಸರದಿ ಬರಬಾರದು, ಅಷ್ಟೇ. ನೂರ ಇಪ್ಪತ್ತೊಂದನ್ನು ಜನೀನ್ ಮೂರು ಬಾಣದಲ್ಲಿ ಮುಗಿಸಬೇಕು.

ಅವಳ ಹೆಜ್ಜೆ ಕೇಳಿಸಿತು. ಗೆರೆಯ ಹತ್ತಿರ ನಿಂತಳು. ಮೂಗಿನಿಂದ ಸಣ್ಣಗೆ ಉಸಿರು ಬಿಟ್ಟಳು. ಅಡುಗೆಮನೆಯಲ್ಲಿ ಬಿಸಿ ತಟ್ಟೆ ಎತ್ತುವ ಮುಂಚೆ ಹೀಗೆಯೇ ಬಿಡುತ್ತಾಳೆ. ಮೊದಲನೆಯ ಬಾಣ ಇಪ್ಪತ್ತರ ಟ್ರಿಬಲ್ಲಿಗೆ ಹೊರಟದ್ದು ಕೆಳಗೆ ಜಾರಿ ಬರೀ ಇಪ್ಪತ್ತಾಯಿತು.

"ಅಯ್ಯೋ!" ಅಂದಿತು ಹಾಲ್. ಮುಗಿಯಿತು ಅಂದುಕೊಂಡೆ. ನನ್ನಿಂದಲೇ ಮುಗಿಯಿತು.

"ಎಷ್ಟು ಉಳೀತು?" ಜನೀನ್ ಕೇಳಿದಳು.

ಉಳಿದದ್ದೆಷ್ಟು ಅಂತ ಆಟಗಾರರು ಕೇಳಬಹುದು, ಬರೆಯುವವನು ಹೇಳಬಹುದು. ಹೇಗೆ ಹೊಡೆಯಬೇಕು ಅಂತ ಮಾತ್ರ ತುಟಿ ಬಿಚ್ಚುವಂತಿಲ್ಲ. ಅವಳಿಗೆ ಲೆಕ್ಕ ಗೊತ್ತಿಲ್ಲದೆ ಕೇಳಲಿಲ್ಲ. ನನ್ನ ದನಿ ಕೇಳಬೇಕು ಅಂತ ಕೇಳಿದಳು.

"ನೂರ ಒಂದು," ಅಂದೆ.

"ಅಷ್ಟೇನಾ?" ಅಂದಳು.

ಎರಡನೆಯ ಬಾಣ ನನ್ನ ಗದ್ದದ ಎತ್ತರಕ್ಕೆ ಬಂದು ಹದಿನೇಳರ ಟ್ರಿಬಲ್ಲಿನ ನಟ್ಟನಡುವೆ ಕೂತಿತು. ಐವತ್ತೊಂದು! ಹಾಲ್ ಒಂದು ಸಲ ಗುಡುಗಿ ಥಟ್ಟನೆ ತೆಪ್ಪಗಾಯಿತು. ಉಳಿದದ್ದು ಐವತ್ತು. ಕೆಂಪು ಕಣ್ಣೊಂದೇ. ಏನೇ ಆದರೂ ಹಿಂತಿರುಗಿ ನೋಡಬಾರದು ಅಂತ ಗೋಡೆ ನೋಡಿದೆ. ಹಾಕೇ ಜನೀನ್, ಹಾಕೇ, ನನ್ನ ಹನ್ನೊಂದು ವರ್ಷವನ್ನೂ ಸೇರಿಸಿ ಹಾಕೇ!

ಟಪ್.

ಬಾಣ ಬಾಲ ಮೇಲೆತ್ತಿಕೊಂಡು ಕಣ್ಣಿನ ಅಂಚಿನಲ್ಲಿ ನಿಂತಿತು. ಕೆಂಪಿನಲ್ಲೋ, ಸುತ್ತಲಿನ ಹಸಿರಿನಲ್ಲೋ? ಹಸಿರಾದರೆ ಬರೀ ಇಪ್ಪತ್ತೈದು, ಆಟ ಡೀನ್‌ನದು. ಗೆರೆಯ ಹತ್ತಿರ ನಿಂತವರಿಗೆ ಬಾಣದ ಗರಿ ಅಡ್ಡ. ಯಾರಿಗೂ ಕಾಣುತ್ತಿಲ್ಲ. ಹೇಳಬೇಕಾದವನು ನಾನೊಬ್ಬನೇ. ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ, ಕೆಳಗಿನಿಂದ ನೋಡಿದೆ. ತಂತಿಯ ಈ ಕಡೆ ನೋಡಿದೆ, ಆ ಕಡೆ ನೋಡಿದೆ. ಕಣ್ಣು ಮಂಜಾಯಿತು, ಒರೆಸಿಕೊಂಡು ಮತ್ತೆ ನೋಡಿದೆ. ಮೊನೆ ತಂತಿಯನ್ನು ಒರಗಿಕೊಂಡು ಕೆಂಪಿನೊಳಗೆ ಇಳಿದಿತ್ತು.

"ಒಳಗಿದೆ," ಅಂದೆ. "ಆಟ ಜನೀನ್‌ದು."

"ಏಯ್, ಗಂಡ ಹೇಳಿದ್ರೆ ಆಯ್ತಾ? ಹೋಗಿ ನೋಡು ಡೀನ್!" ಪ್ರೆಸ್ಟನ್‌ನವರು ಬೊಬ್ಬೆ ಹೊಡೆದರು. "ಟೆರೆನ್ಸ್, ನೀನು ನೋಡು!"

ಟೆರೆನ್ಸ್ ಒಂದು ಹೆಜ್ಜೆ ಮುಂದಿಟ್ಟ. ಡೀನ್ ಅವನ ಎದೆಗೆ ಅಡ್ಡಲಾಗಿ ಕೈ ಚಾಚಿದ.

"ಬೇಡ," ಅಂದ. ಮೂರು ವರ್ಷದಿಂದ ಕಾದ ಕಾರ್ಡು ಅವನ ಕೈ ತಪ್ಪಿಹೋಗುತ್ತಿತ್ತು. "ಅವನು ಒಳಗಿದೆ ಅಂದ್ರೆ ಒಳಗಿದೆ. ಆಗ ನಿಲ್ಲು ಅಂದವನೂ ಅವನೇ ತಾನೇ?"

ಬೋರ್ಡಿನ ಕಡೆ ಒಂದು ಹೆಜ್ಜೆಯನ್ನೂ ಇಡದೆ ಅವನು ಜನೀನ್ ಹತ್ತಿರ ಹೋಗಿ ಕೈ ಕುಲುಕಿದ. "ಚೆನ್ನಾಗಿ ಆಡಿದ್ರಿ ಅಕ್ಕಾ," ಅಂದ. ಮುಖ ಕೊಟ್ಟೇ ಅಂದ. ಆಗ ಎದ್ದ ಗದ್ದಲ ಇದೆಯಲ್ಲ, ನನ್ನ 'ಭಟ್ಟಿ ಭಟ್ಟಿ'ಗಳೆಲ್ಲ ಅದರ ಮುಂದೆ ಏನೂ ಅಲ್ಲ. ಟೀ ಲೋಟಗಳು ಹಾರಿದವು. ಪ್ರೆಸ್ಟನ್‌ನವರೂ ಚಪ್ಪಾಳೆ ತಟ್ಟಿದರು, ಬೈಯುತ್ತಲೇ.

ಜನೀನ್ ಓಡಿಬಂದಳು. ಅಪ್ಪಿಕೊಳ್ಳುತ್ತಾಳೆ ಅಂತ ನಾನು ಎರಡೂ ತೋಳು ಚಾಚಿದರೆ, ನನ್ನನ್ನು ಪಕ್ಕಕ್ಕೆ ತಳ್ಳಿ ಬೋರ್ಡಿನ ಮುಂದೆ ಬಗ್ಗಿದಳು. ಕೆಳಗಿನಿಂದ ನೋಡಿದಳು. ತಂತಿಯ ಈ ಕಡೆ, ಆ ಕಡೆ. ಇಡೀ ಸಭಾಂಗಣದಲ್ಲಿ ನನ್ನ ಮಾತು ನಂಬದವಳು ಅವಳೊಬ್ಬಳೇ. ನೋಡಿ ಮುಗಿಸಿ ನೆಟ್ಟಗೆ ನಿಂತಳು.

"ಒಳಗಿದೆ ಅಂದಿದ್ದು ಯಾರು? ಲೆಕ್ಕ ಬರೆಯೋನಾ, ನನ್ನ ಗಂಡನಾ?"

"ಬರೆಯೋನು," ಅಂದೆ. "ನಿನ್ನ ಗಂಡ ಆಗಲೇ ಅಳ್ತಿದ್ದ ಕಣೇ, ಅವನಿಗೆ ಏನೂ ಕಾಣ್ತಿರಲಿಲ್ಲ."